ರಾಕೆಟ್ ಬ್ರಾಂಡುಗಳು ಮತ್ತು ವೈಯಕ್ತಿಕ ಒಲವು: ಚಿಲ್ಲರೆ ವರ್ತಕರಿಗೊಂದು ಅಧ್ಯಯನ

ವಾಣಿಜ್ಯಶಾಸ್ತ್ರದ ಪಠ್ಯಗಳಲ್ಲಿ ‘ಗ್ರಾಹಕನ ಒಲವು’ ಎಂಬ ಅಧ್ಯಾಯವು ತಪ್ಪದೆ ಇರುತ್ತದೆ. ‘ವರ್ತಕನ ಒಲವು’ ಎಂಬ ಅಧ್ಯಾಯವನ್ನು ಮಾತ್ರ ನಾನು ಈವರೆಗೆ ಎಲ್ಲಿಯೂ ಕಂಡಿಲ್ಲ. ಆದರೆ ಯಾವುದೇ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಧೂಳು ಹಿಡಿದು ಕುಳಿತಿರುವ ಸರಕನ್ನು ಪರಿಶೀಲಿಸಿದರೆ, ಅದರಲ್ಲಿ ಬಹುಪಾಲು ಗ್ರಾಹಕರು ಕೇಳಿದ್ದರಿಂದ ತರಿಸಿದ್ದಲ್ಲ, ಅಂಗಡಿಯ ಮಾಲೀಕರು ಮೆಚ್ಚಿ ತರಿಸಿದ್ದು ಎಂಬುದು ತಿಳಿದುಬರುತ್ತದೆ. ಬಟ್ಟೆ ವ್ಯಾಪಾರಿಗೆ ಬಣ್ಣದಲ್ಲಿ, ಪಾತ್ರೆ ವ್ಯಾಪಾರಿಗೆ ಆಕಾರದಲ್ಲಿ ಇರುವ ಈ ದೌರ್ಬಲ್ಯವು ಕ್ರೀಡಾ ಸಾಮಗ್ರಿಯ ವರ್ತಕನಿಗೆ ಬ್ರಾಂಡಿನಲ್ಲಿ ಇರುತ್ತದೆ. ಕಡೂರಿನಲ್ಲಿ ಪುಸ್ತಕ ಮತ್ತು ಕ್ರೀಡಾ ಸಾಮಗ್ರಿಗಳ ಅಂಗಡಿಯನ್ನು ನಡೆಸುತ್ತ ಬಂದಿರುವ ನನಗೆ ಈ ಪಾಠವು ಟೆನ್ನಿಸ್ ರಾಕೆಟ್‌ಗಳಿಂದ ಲಭಿಸಿತು. ಅದರ ವೆಚ್ಚವು ಕಡಿಮೆಯೇನೂ ಆಗಿರಲಿಲ್ಲ. ಅದನ್ನು ಸದಸ್ಯ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ಮೂರು ಊರುಗಳ ಮಾರುಕಟ್ಟೆ

ಮೊದಲಿಗೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳು ಟೆನ್ನಿಸ್ ಆಡುವ ಊರುಗಳಲ್ಲ. ನಮ್ಮ ಜಿಲ್ಲೆಯಲ್ಲಿ ಟೆನ್ನಿಸ್ ಎಂಬುದು ಕಾಫಿ ತೋಟಗಳ ಜೊತೆಗೆ ಬಂದ ಆಟ. ಪ್ಲಾಂಟರುಗಳ ಕ್ಲಬ್ಬುಗಳಲ್ಲಿ ಅದು ಬೆಳೆಯಿತು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಆ ಹೆಸರು ಇಂದಿಗೂ ಚಿಕ್ಕಮಗಳೂರು ನಗರದ ಕಡೂರು ಕ್ಲಬ್ಬಿನಲ್ಲಿ ಉಳಿದುಕೊಂಡಿದೆ. ಹೆಸರು ನಮ್ಮ ಊರಿನದು, ಆಟ ಬೆಟ್ಟದವರದು! ಬಯಲು ಸೀಮೆಯ ಕಡೆಗೆ ಇಳಿದಂತೆ ರಾಕೆಟ್ ಎಂದರೆ ಮೊದಲು ಬಾಲ್ ಬ್ಯಾಡ್ಮಿಂಟನ್, ಅನಂತರ ಷಟ್ಲ್. ಹಳದಿ ಉಣ್ಣೆಯ ಚೆಂಡನ್ನು ಐದೈದು ಜನರ ತಂಡಗಳು ಆಡುತ್ತಿದ್ದ ಶಾಲಾ ಮೈದಾನಗಳನ್ನು ಹಿರಿಯ ಸದಸ್ಯರು ಮರೆತಿರಲಾರರು. ಈಗ ಡಿಸೆಂಬರ್, ಜನವರಿಯ ಚಳಿಯಲ್ಲಿ ಹಳ್ಳಿಹಳ್ಳಿಗಳಲ್ಲಿ ದೀಪ ಕಟ್ಟಿಕೊಂಡು ಷಟ್ಲ್ ಆಡುವ ಯುವಕರೇ ನಮ್ಮ ಮುಖ್ಯ ಗ್ರಾಹಕರು.

ಹಣದ ಹರಿವೂ ಮೂರು ಊರುಗಳಲ್ಲಿ ಒಂದೇ ಬಗೆಯದಲ್ಲ. ತರೀಕೆರೆಯಲ್ಲಿ ಅಡಿಕೆ ಕೊಯ್ಲಿನ ನಂತರ ಕೈಯಲ್ಲಿ ಹಣ ಓಡಾಡುತ್ತದೆ. ಆಗ ಬಂದವರು ಬೆಲೆಯನ್ನು ಎರಡನೆಯದಾಗಿ ಕೇಳುತ್ತಾರೆ. ತರೀಕೆರೆಯಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಭಾಗದಲ್ಲಿ ಈರುಳ್ಳಿಯ ದರವೇ ಎಲ್ಲವನ್ನೂ ನಿರ್ಧರಿಸುತ್ತದೆ. ದರ ಬಿದ್ದ ವರ್ಷ ಮಕ್ಕಳ ರಾಕೆಟ್ ಮುಂದಿನ ವರ್ಷಕ್ಕೆ ಹೋಗುತ್ತದೆ. ಕಡೂರಿನಲ್ಲಿ ತೆಂಗು, ಕೊಬ್ಬರಿ ವರ್ಷವಿಡೀ ಸ್ವಲ್ಪಸ್ವಲ್ಪ ಹಣವನ್ನು ತರುವುದರಿಂದಲೂ, ಶಾಲಾ ಕಾಲೇಜುಗಳ ಖರೀದಿ ಇರುವುದರಿಂದಲೂ ವ್ಯಾಪಾರ ಸಮನಾಗಿ ಸಾಗುತ್ತದೆ.

ಇನ್ನೊಂದು ವಿಚಿತ್ರ. ಟೆನ್ನಿಸ್ ಅಂಕಣವನ್ನೇ ಕಾಣದ ಊರುಗಳಲ್ಲಿ ಟೆನ್ನಿಸ್ ಚೆಂಡು ಮಾತ್ರ ನಿತ್ಯವೂ ಮಾರಾಟವಾಗುತ್ತದೆ. ಕಾರಣ ಎಲ್ಲರಿಗೂ ತಿಳಿದದ್ದೇ, ಟೆನ್ನಿಸ್ ಬಾಲ್ ಕ್ರಿಕೆಟ್. ಈ ಚೆಂಡಿನ ವಿಷಯದಲ್ಲಿ ನಮ್ಮ ಹುಡುಗರ ಬ್ರಾಂಡ್ ನಿಷ್ಠೆಯನ್ನು ಕಂಡರೆ ದೊಡ್ಡ ಕಂಪನಿಗಳ ಮಾರಾಟ ವಿಭಾಗದವರೂ ಬೆರಗಾದಾರು. ಒಂದು ತಂಡ ‘ಕಾಸ್ಕೊ ಲೈಟ್’ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಇನ್ನೊಂದು ತಂಡಕ್ಕೆ ‘ವಿಕ್ಕಿ’ಯೇ ಬೇಕು. ಪಂದ್ಯಾವಳಿಯ ಕರಪತ್ರದಲ್ಲಿಯೇ ಚೆಂಡಿನ ಹೆಸರನ್ನು ಮುದ್ರಿಸುವವರೂ ಇದ್ದಾರೆ. ಇಲ್ಲಿ ಒಲವು ಜಾಹೀರಾತಿನಿಂದ ಹುಟ್ಟಿದ್ದಲ್ಲ. ಡಾಂಬರು ರಸ್ತೆಯ ಮೇಲೆ ಎಷ್ಟು ಪುಟಿಯುತ್ತದೆ, ಎಷ್ಟು ಓವರಿನ ನಂತರ ರೋಮ ಉದುರುತ್ತದೆ, ಜೋರಾಗಿ ಹೊಡೆದಾಗ ಒಡೆಯುತ್ತದೆಯೇ ಎಂಬ ಪ್ರತ್ಯಕ್ಷ ಅನುಭವದಿಂದ ಹುಟ್ಟಿದ್ದು. ಚೆಂಡು ಅಗ್ಗದ ವಸ್ತು, ಬೇಗ ಸವೆಯುತ್ತದೆ, ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಆದ್ದರಿಂದ ಹತ್ತು ಬಾರಿ ಪರೀಕ್ಷಿಸಿ ತೀರ್ಮಾನಕ್ಕೆ ಬರುವ ಅವಕಾಶ ಗ್ರಾಹಕನಿಗೆ ಇದೆ. ರಾಕೆಟ್‌ನ ವಿಷಯದಲ್ಲಿ ಆ ಅವಕಾಶವಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಕೊಳ್ಳುವವನು ಹೆಸರನ್ನು ನಂಬುತ್ತಾನೆ, ಇಲ್ಲವೇ ಅಂಗಡಿಯವನನ್ನು ನಂಬುತ್ತಾನೆ. ಈ ಎರಡನೆಯ ನಂಬಿಕೆಯೇ ನಮ್ಮಂತಹ ಸಣ್ಣ ವರ್ತಕರ ನಿಜವಾದ ಬಂಡವಾಳ.

ನನ್ನ ಎಂಟು ರಾಕೆಟ್‌ಗಳು

2006ರಲ್ಲಿ ಬೆಂಗಳೂರಿನ ಸಗಟು ವರ್ತಕರೊಬ್ಬರಿಂದ ನಾನು ಎಂಟು ಟೆನ್ನಿಸ್ ರಾಕೆಟ್‌ಗಳನ್ನು ಖರೀದಿಸಿದೆ. ಎಲ್ಲವೂ ಒಂದೇ ಬ್ರಾಂಡು, ಒಂದೇ ಮಾದರಿ. ತೂಕ ಹೆಚ್ಚು, ತಲೆ ಚಿಕ್ಕದು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕಬ್ಬನ್ ಉದ್ಯಾನದ ಅಂಕಣಗಳ ಬೇಲಿಯ ಹೊರಗೆ ನಿಂತು ಪಂದ್ಯಗಳನ್ನು ನೋಡುತ್ತಿದ್ದವನು ನಾನು. ಎಡ್ಬರ್ಗ್ ಮತ್ತು ಸಾಂಪ್ರಾಸ್ ಅಂಥವರು ಬಳಸುತ್ತಿದ್ದ ಬಗೆಯ ರಾಕೆಟ್ಟೇ ನಿಜವಾದ ರಾಕೆಟ್, ಉಳಿದವು ಆಟಿಕೆಗಳು ಎಂಬ ಅಭಿಪ್ರಾಯ ಆಗಲೇ ಬೇರೂರಿತ್ತು. ಒಂದಕ್ಕೆ 5,500 ರೂಪಾಯಿಯಂತೆ 44,000 ರೂಪಾಯಿ ಹೂಡಿದೆ. ಮನೆಯಲ್ಲಿ ಕೇಳಿದಾಗ, ಬೆಟ್ಟದ ಮೇಲಿನ ತೋಟದವರೆಲ್ಲ ಇನ್ನು ನಮ್ಮಲ್ಲಿಗೇ ಬರುತ್ತಾರೆ ಎಂದು ಉತ್ತರಿಸಿದ್ದೆ.

ಮೊದಲ ವರ್ಷ ಎರಡು ಮಾರಾಟವಾದವು. ಮೂರನೆಯದನ್ನು ಸಂಬಂಧಿಕರೊಬ್ಬರು ಅಸಲು ಬೆಲೆಗೆ ತೆಗೆದುಕೊಂಡರು. ನಾಲ್ಕನೆಯದರ ಕಥೆಯೇ ಈ ಲೇಖನಕ್ಕೆ ಕಾರಣ.

ಕಾಫಿ ತೋಟದ ಕುಟುಂಬವೊಂದು ತಮ್ಮ ಹದಿಮೂರು ವರ್ಷದ ಮಗಳಿಗೆ ರಾಕೆಟ್ ಕೊಳ್ಳಲು ಬಂದಿತ್ತು. ತರಬೇತುದಾರರು ಬರೆದುಕೊಟ್ಟ ಚೀಟಿ ಅವರ ಬಳಿ ಇತ್ತು. ನೂರು ಚದರ ಅಂಗುಲದ ತಲೆ, 280 ಗ್ರಾಂ ಆಸುಪಾಸಿನ ತೂಕ, ಎರಡನೇ ಅಳತೆಯ ಹಿಡಿ. ಅದು ನನ್ನಲ್ಲಿ ಇರಲಿಲ್ಲ. ‘ಇಲ್ಲ’ ಎನ್ನುವ ಬದಲು ನಾನು ಅರ್ಧ ಗಂಟೆ ಮಾತನಾಡಿದೆ. ಭಾರದ ರಾಕೆಟ್‌ನಲ್ಲಿ ಕಲಿತರೆ ಕೈ ಪಳಗುತ್ತದೆ, ದೊಡ್ಡ ಆಟಗಾರರೆಲ್ಲ ಇದರಲ್ಲಿಯೇ ಆಡಿದ್ದು ಎಂದೆಲ್ಲ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಿರಲಿಲ್ಲ, ನಾನು ಅದನ್ನು ನಂಬಿದ್ದೆ. ಅವರು ಕೊಂಡುಹೋದರು. ನಾಲ್ಕು ತಿಂಗಳ ನಂತರ ಮರಳಿ ಬಂದರು. ಹುಡುಗಿಯ ಮೊಣಕೈಗೆ ಪಟ್ಟಿ ಕಟ್ಟಿತ್ತು. ಆಕೆಯ ತಂದೆ ಕೂಗಾಡಲಿಲ್ಲ. ರಾಕೆಟ್ಟನ್ನು ಕೌಂಟರಿನ ಮೇಲೆ ಇಟ್ಟು ಹೇಳಿದ್ದು ಇಷ್ಟೇ: “ಯಜಮಾನ್ರೇ, ನೀವು ನಿಮ್ಗೆ ಇಷ್ಟವಾದ್ದನ್ನ ಕೊಟ್ರಿ. ನಮ್ ಮಗೂಗೆ ಬೇಕಾದ್ದನ್ನ ಕೊಡ್ಲಿಲ್ಲ.”

ಪೂರ್ತಿ ಹಣವನ್ನು ಹಿಂದಿರುಗಿಸಿದೆ. ಆ ಕುಟುಂಬ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಶಾಲೆ ಪ್ರಾರಂಭವಾಗುವ ಕಾಲದಲ್ಲಿ ಅವರ ಮನೆಯಿಂದ ಬರುತ್ತಿದ್ದ ನೋಟುಪುಸ್ತಕಗಳ ಪಟ್ಟಿಯೂ ನಿಂತಿತು. ಬ್ರಾಂಡಿನ ಹೆಸರನ್ನು ನಾನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ತಪ್ಪು ರಾಕೆಟ್‌ನದಲ್ಲ. ಅದು ಬಲಿತ ಕೈಯ, ನುರಿತ ಆಟಗಾರನಿಗೆಂದು ಮಾಡಿದ ಉತ್ತಮ ವಸ್ತು. ಬೆಳೆಯುತ್ತಿರುವ ಮೊಣಕೈಗೆ ಅದನ್ನು ಕಟ್ಟಿದವನು ನಾನು.

ರಾಕೆಟ್‌ನಲ್ಲಿ ಬ್ರಾಂಡು ಎಷ್ಟು, ಅಳತೆ ಎಷ್ಟು?

ಆ ಘಟನೆಯ ನಂತರ ನಾನು ರಾಕೆಟ್‌ಗಳ ವಿಷಯವನ್ನು ಶಿಸ್ತಾಗಿ ಓದಲಾರಂಭಿಸಿದೆ. ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಆಟಗಾರನ ಕೈಗೆ ತಾಗುವುದು ಬ್ರಾಂಡಲ್ಲ, ಕೆಲವು ಅಳತೆಗಳು. ದೊಡ್ಡವರ ರಾಕೆಟ್‌ನ ಉದ್ದ ಸಾಮಾನ್ಯವಾಗಿ 27 ಅಂಗುಲ. ಮಕ್ಕಳಿಗೆ 19ರಿಂದ 26 ಅಂಗುಲದವರೆಗೆ ಬೇರೆ ಬೇರೆ ಉದ್ದಗಳಿವೆ. ತಲೆಯ ವಿಸ್ತೀರ್ಣ 100 ಚದರ ಅಂಗುಲದ ಸುತ್ತಮುತ್ತ ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಇದಲ್ಲದೆ ತೂಕ, ಆ ತೂಕವು ಹಿಡಿಯ ಕಡೆಗಿದೆಯೋ ತಲೆಯ ಕಡೆಗಿದೆಯೋ ಎಂಬ ಸಮತೋಲನ, ಚೌಕಟ್ಟಿನ ಬಿಗಿತ, ಹಿಡಿಯ ಸುತ್ತಳತೆ. ಎಲ್ಲಕ್ಕಿಂತ ಹೆಚ್ಚಾಗಿ ತಂತಿ. ಪಾಲಿಯೆಸ್ಟರ್ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅತ್ಯುತ್ತಮ ರಾಕೆಟ್ ಕೂಡ ಮಕ್ಕಳ ಕೈಗೆ ಶತ್ರುವಾಗುತ್ತದೆ. ಮೃದುವಾದ ತಂತಿಯನ್ನು 50 ಪೌಂಡ್ ಸುಮಾರಿಗೆ ಕಟ್ಟಿದರೆ ಸಾಧಾರಣ ರಾಕೆಟ್ ಕೂಡ ಹಿತವಾಗಿರುತ್ತದೆ. ಇಷ್ಟು ಅಳತೆಗಳು ಒಂದೇ ಆಗಿದ್ದಲ್ಲಿ ವಿಲ್ಸನ್, ಹೆಡ್, ಬಾಬೊಲಾ, ಯೋನೆಕ್ಸ್, ಡನ್‌ಲಪ್‌ಗಳ ನಡುವಣ ವ್ಯತ್ಯಾಸ ಸಾಮಾನ್ಯ ಆಟಗಾರನಿಗೆ ಬಣ್ಣದಷ್ಟೇ ದೊಡ್ಡದು. (ಹೆಡ್ ಎಂಬುದು ಕಂಪನಿಯ ಹೆಸರೂ ಹೌದು, ರಾಕೆಟ್‌ನ ತಲೆಗೆ ಆಟಗಾರರು ಹೇಳುವ ಮಾತೂ ಹೌದು. ಫೋನಿನಲ್ಲಿ ‘ಹೆಡ್ ನೂರು’ ಎಂದು ಆದೇಶ ಬಂದರೆ ಎರಡನೆಯ ಬಾರಿ ಕೇಳಿ ಖಚಿತಪಡಿಸಿಕೊಳ್ಳುವುದು ಕ್ಷೇಮ.)

ಇದು ನನ್ನೊಬ್ಬನ ಅನಿಸಿಕೆಯಲ್ಲ ಎಂಬುದಕ್ಕೆ ಮಾರುಕಟ್ಟೆ ಅಧ್ಯಯನದಲ್ಲಿ ಹೆಸರಾದ ಒಂದು ಪ್ರಯೋಗವನ್ನು ನೆನೆಯಬಹುದು. 1964ರಲ್ಲಿ ಆಲಿಸನ್ ಮತ್ತು ಊಲ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಬಿಯರ್ ಕುಡಿಯುವವರಿಗೆ ಚೀಟಿ ಕಿತ್ತ ಬಾಟಲಿಗಳನ್ನು ಕೊಟ್ಟು ಅಂಕ ಹಾಕಿಸಿದರು. ತಮ್ಮ ಮೆಚ್ಚಿನ ಬ್ರಾಂಡು ಯಾವುದೆಂದು ಗುರುತಿಸಲು ಬಹುತೇಕರಿಗೆ ಸಾಧ್ಯವಾಗಲಿಲ್ಲ. ಅನಂತರ ಚೀಟಿ ಇರುವ ಬಾಟಲಿಗಳನ್ನು ಕೊಟ್ಟಾಗ ಅದೇ ಜನರು ತಮ್ಮ ಬ್ರಾಂಡಿಗೆ ಹೆಚ್ಚಿನ ಅಂಕಗಳನ್ನು ನೀಡಿದರು. ನಾಲಗೆಗಿಂತ ಕಣ್ಣು ಮುಂದಾಗಿತ್ತು. ರಾಕೆಟ್‌ನ ಬಣ್ಣವನ್ನು ಮರೆಮಾಡಿ ಇಬ್ಬರು ಸ್ನೇಹಿತರ ಕೈಗೆ ಕೊಟ್ಟು ನಾನೂ ಒಮ್ಮೆ ಪರೀಕ್ಷಿಸಿದ್ದುಂಟು. ಫಲಿತಾಂಶವನ್ನು ಹೇಳಿದರೆ ಅವರು ಬೇಸರ ಪಟ್ಟುಕೊಂಡಾರು.

ತಾರಾ ಆಟಗಾರರ ರಾಕೆಟ್ಟೇ ಬೇಕೆನ್ನುವವರಿಗೆ ಹೇಳಬೇಕಾದ ಮಾತೊಂದಿದೆ. ವೃತ್ತಿಪರ ಆಟಗಾರರಲ್ಲಿ ಅನೇಕರು ತಮಗೆ ಒಗ್ಗಿದ ಹಳೆಯ ಅಚ್ಚಿನ ಚೌಕಟ್ಟಿಗೆ ಹೊಸ ಮಾದರಿಯ ಬಣ್ಣ ಬಳಿಸಿಕೊಂಡು ಆಡುವುದು ಆ ಉದ್ಯಮದಲ್ಲಿ ಎಲ್ಲರಿಗೂ ತಿಳಿದ ಗುಟ್ಟು. ಅಂಗಡಿಯಲ್ಲಿ ನೇತಾಡುವುದು ಬಣ್ಣದಲ್ಲಿ ಮಾತ್ರ ಅದರ ಅವಳಿ. ಫೆಡರರ್ ಹೆಸರಿನಲ್ಲಿ ಬಂದ 97 ಚದರ ಅಂಗುಲದ ವಿಲ್ಸನ್ ಮಾದರಿಯು ತಂತಿ ಕಟ್ಟುವ ಮೊದಲೇ 340 ಗ್ರಾಂ ತೂಗುತ್ತಿತ್ತು. ವಾರಕ್ಕೊಮ್ಮೆ ಆಡುವ ನಮ್ಮ ಬ್ಯಾಂಕ್ ನೌಕರರು ಅದನ್ನು ಎರಡು ಸೆಟ್ ಬೀಸಿದರೆ ಮರುದಿನ ರುಜು ಹಾಕಲು ಕೈ ಏಳದು. ಅದೇ ಫೆಡರರ್ ಹಲವು ವರ್ಷ 90 ಅಂಗುಲದ ತಲೆಗೆ ಅಂಟಿಕೊಂಡಿದ್ದು, 2014ರಲ್ಲಿ 97ಕ್ಕೆ ಬದಲಾದರು ಎಂಬುದನ್ನೂ ಗಮನಿಸಬೇಕು. ಅಷ್ಟು ದೊಡ್ಡ ಆಟಗಾರರೇ ಒಲವನ್ನು ಬದಿಗಿಟ್ಟು ಅಳತೆಯ ಮಾತನ್ನು ಕೇಳಿದರು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಜಿಮ್ಮಿ ಕಾನರ್ಸ್ ವಿಲ್ಸನ್ ಕಂಪನಿಯ ‘ಟಿ 2000’ ಎಂಬ ಉಕ್ಕಿನ ರಾಕೆಟ್ಟನ್ನು, ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೂ ಹಳೆಯವನ್ನು ಹುಡುಕಿ ತರಿಸಿಕೊಂಡು ವರ್ಷಗಟ್ಟಲೆ ಆಡಿದರು. ಆಟಗಾರನಿಗೆ ಇಂತಹ ಹಠ ಶೋಭಿಸುತ್ತದೆ. ಬಡ್ಡಿ ಕಟ್ಟುವ ವರ್ತಕನಿಗೆ ಅಲ್ಲ.

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣನವರು 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದಾಗ, ಟೆನ್ನಿಸ್ ಕಾಣದ ನಮ್ಮ ಊರಿನಲ್ಲಿಯೂ ಕೆಲವು ಮಕ್ಕಳು ಅಂಗಡಿಗೆ ಬಂದು ಅವರ ರಾಕೆಟ್ ಇದೆಯೇ ಎಂದು ವಿಚಾರಿಸಿದರು. ಈ ಸಲ ನಾನು ಮೊದಲು ಕೇಳಿದ್ದು ವಯಸ್ಸು ಮತ್ತು ಎತ್ತರ.

ಲೆಕ್ಕ ಏನು ಹೇಳುತ್ತದೆ?

ವಾಣಿಜ್ಯ ಪತ್ರಿಕೆಯಲ್ಲಿ ಲೆಕ್ಕವಿಲ್ಲದ ಲೇಖನ ಸಲ್ಲದು. ಕೆಳಗಿನ ಅಂಕಿಗಳು ಉದಾಹರಣೆಗೆಂದು ಕಲ್ಪಿಸಿಕೊಂಡವು. ತಮ್ಮ ತಮ್ಮ ಅಂಗಡಿಯ ಅಂಕಿಗಳನ್ನು ಸದಸ್ಯರು ಈ ಚೌಕಟ್ಟಿನಲ್ಲಿ ತುಂಬಿಕೊಳ್ಳಬಹುದು.

ಒಬ್ಬ ವರ್ತಕರು 6,000 ರೂಪಾಯಿಗೆ ಒಂದು ಹೆಸರಾಂತ ಟೆನ್ನಿಸ್ ರಾಕೆಟ್ ತರಿಸಿ 7,500ಕ್ಕೆ ಮಾರುತ್ತಾರೆ ಎನ್ನೋಣ. ಲಾಭ 1,500. ಅಸಲಿನ ಮೇಲೆ ಶೇಕಡ 25. ಕೇಳಲು ಸೊಗಸಾಗಿದೆ. ಆದರೆ ಅದು ಮಾರಾಟವಾಗಲು ಒಂದೂವರೆ ವರ್ಷ ಹಿಡಿಯಿತು. ಶೇಕಡ 12ರ ಬಡ್ಡಿಯಂತೆ 18 ತಿಂಗಳಿಗೆ 1,080 ರೂಪಾಯಿ ಬಡ್ಡಿಗೇ ಹೋಯಿತು. ಉಳಿದದ್ದು 420. ಈ ನಡುವೆ ಕಂಪನಿ ಹೊಸ ಮಾದರಿಯನ್ನು ಬಿಡುಗಡೆ ಮಾಡಿದರೆ, ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಯೇ ಮಾಡುತ್ತದೆ, ಹಳೆಯದಕ್ಕೆ ರಿಯಾಯಿತಿ ಕೊಡಬೇಕು. ಆಗ 420 ಕೂಡ ಉಳಿಯದು.

ಅದೇ 6,000 ರೂಪಾಯಿಯಲ್ಲಿ 300 ರೂಪಾಯಿ ಅಸಲಿನ ಇಪ್ಪತ್ತು ಷಟ್ಲ್ ರಾಕೆಟ್‌ಗಳನ್ನು ಇಟ್ಟುಕೊಂಡು 420ರಂತೆ ಮಾರಿದರೆ ಒಂದಕ್ಕೆ 120 ಲಾಭ. ತಿಂಗಳಿಗೆ ಹದಿನೈದು ಮಾರಾಟವಾಗಿ, ಮಾರಿದಷ್ಟನ್ನು ಮತ್ತೆ ತುಂಬಿಸುತ್ತ ಹೋದರೆ ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ. ಹೂಡಿದ ಹಣ ಮಾತ್ರ ಅದೇ 6,000. ಇಲ್ಲಿ ಲಾಭದ ಪ್ರಮಾಣವಷ್ಟೇ ಅಲ್ಲ, ಹಣ ವರ್ಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬುದು ಫಲವನ್ನು ನಿರ್ಧರಿಸುತ್ತದೆ. ಅಡಿಕೆ ವ್ಯಾಪಾರದ ಮಿತ್ರರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಯ ಹೆಸರಿನಲ್ಲಿಯೇ ವ್ಯವಹರಿಸುವ ಅವರು ಯಾವ ತೋಟದ ಅಡಿಕೆ ಎಂಬ ಮಮತೆಯನ್ನು ಎಂದೂ ಇಟ್ಟುಕೊಂಡವರಲ್ಲ. ಕೊಬ್ಬರಿಯನ್ನು ತಿಪಟೂರು, ಅರಸೀಕೆರೆಗೆ ಕಳುಹಿಸುವ ಕಡೂರಿನ ವರ್ತಕರೂ ಹಾಗೆಯೇ. ಬ್ರಾಂಡು ಹೊತ್ತ ಸರಕಿನ ಎದುರಿಗೆ ಮಾತ್ರ ನಾವೆಲ್ಲ ಏಕೆ ಅಭಿಮಾನಿಗಳಾಗಿಬಿಡುತ್ತೇವೆಯೋ!

ಹಾಗೆಂದು ದುಬಾರಿ ರಾಕೆಟ್ಟನ್ನು ಮಾರಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ದಾಸ್ತಾನು ಇಡದೆ ಮಾರಬಹುದು. ಮುಂಗಡವಾಗಿ ಅರ್ಧ ಹಣ ಪಡೆದು, ಅಳತೆಗಳನ್ನು ಬರೆದುಕೊಂಡು, ಬೆಂಗಳೂರಿನಿಂದ ತರಿಸಿಕೊಟ್ಟರೆ ಲಾಭ ಸ್ವಲ್ಪ ಕಡಿಮೆಯಾದರೂ ಬಡ್ಡಿಯ ಭಾರವಿಲ್ಲ. ಗ್ರಾಹಕನು ಅದನ್ನು ಮೊಬೈಲಿನಲ್ಲಿಯೇ ತರಿಸಿಕೊಳ್ಳಬಹುದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ‘ಗಟ್ಟಿಂಗ್’. ರಾಕೆಟ್‌ಗೆ ತಂತಿ ಕಟ್ಟುವ ಈ ಕೆಲಸವನ್ನು ಮೊಬೈಲು ಮಾಡಿಕೊಡದು. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಬಾರಿ ತಂತಿ ಬದಲಿಸಿ ಎಂಬುದು ಟೆನ್ನಿಸ್ ಆಟಗಾರರಲ್ಲಿ ರೂಢಿಯ ಲೆಕ್ಕ. ಷಟ್ಲ್‌ನಲ್ಲಿ ತಂತಿ ಹರಿದಾಗಲೆಲ್ಲ ಬರಲೇಬೇಕು. ಯಂತ್ರವೊಂದನ್ನು ಕೊಂಡು, ಕೆಲಸ ಕಲಿತ ಹುಡುಗನೊಬ್ಬನನ್ನು ಇಟ್ಟುಕೊಂಡ ಮೇಲೆ ನನ್ನ ಅಂಗಡಿಗೆ ಅಜ್ಜಂಪುರದಿಂದಲೂ ತರೀಕೆರೆಯಿಂದಲೂ ರಾಕೆಟ್‌ಗಳು ಬಸ್ಸಿನಲ್ಲಿ ಬಂದು ಹೋಗುತ್ತಿವೆ. ಬೇರೆಡೆ ಕೊಂಡ ರಾಕೆಟ್ ತಂದವರನ್ನೂ ಮುಖ ಸಿಂಡರಿಸದೆ ಬರಮಾಡಿಕೊಳ್ಳುತ್ತೇನೆ. ಹಾಗೆ ಬಂದವರೇ ಚೆಂಡು, ಹಿಡಿಯ ಪಟ್ಟಿ, ಷೂಗಳನ್ನು ಇಲ್ಲಿ ಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಅಗ್ಗದ ಚೌಕಟ್ಟಿನ ಷಟ್ಲ್ ರಾಕೆಟ್‌ಗೆ ಹುಡುಗರು ಹಟ ಮಾಡಿದರೂ 28 ಪೌಂಡು ಎಳೆಯಬಾರದು. ಚೌಕಟ್ಟು ಮುರಿದರೆ ಜಗಳ ನಮ್ಮ ಮೇಲೆಯೇ ಬರುತ್ತದೆ. ಚೌಕಟ್ಟಿನ ಮೇಲೆ ಮುದ್ರಿತವಾಗಿರುವ ಮಿತಿಯನ್ನು ಗ್ರಾಹಕನಿಗೆ ತೋರಿಸಿ, ರಸೀದಿಯ ಮೇಲೆ ಪೌಂಡನ್ನು ಬರೆದುಕೊಡುವುದು ಒಳ್ಳೆಯದು.

ನಕಲಿ ಸರಕಿನ ವಿಷಯ

ಬ್ರಾಂಡಿನ ಮೇಲೆ ಒಲವು ಹೆಚ್ಚಿದಷ್ಟೂ ನಕಲಿಯ ಹಾವಳಿ ಹೆಚ್ಚುತ್ತದೆ. ಅಧಿಕೃತ ವಿತರಕರ ಅರ್ಧ ದರಕ್ಕೆ ಹೆಸರಾಂತ ಷಟ್ಲ್ ರಾಕೆಟ್‌ಗಳನ್ನು ತೋರಿಸುವ ಮಾರಾಟ ಪ್ರತಿನಿಧಿಗಳು ನಮ್ಮ ಊರುಗಳಿಗೂ ಬರುತ್ತಾರೆ. ಸದಸ್ಯರು ತಿಳಿದಿರಬೇಕಾದ ವಿಷಯವೆಂದರೆ, ವ್ಯಾಪಾರ ಚಿಹ್ನೆಗಳ ಅಧಿನಿಯಮ 1999ರ 104ನೆಯ ಕಲಮಿನಂತೆ ಸುಳ್ಳು ಚಿಹ್ನೆಯುಳ್ಳ ಸರಕನ್ನು ಮಾರುವುದು, ಮಾರಾಟಕ್ಕೆ ಇಟ್ಟುಕೊಳ್ಳುವುದು ಕೂಡ ಅಪರಾಧ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವನ್ನು ಅದು ವಿಧಿಸುತ್ತದೆ. ಎಲ್ಲ ಎಚ್ಚರಿಕೆ ವಹಿಸಿದ್ದೆ, ಸಂಶಯಕ್ಕೆ ಕಾರಣವಿರಲಿಲ್ಲ, ಯಾರಿಂದ ಕೊಂಡೆನೆಂಬುದನ್ನು ತಿಳಿಸಿದ್ದೇನೆ ಎಂದು ರುಜುವಾತುಪಡಿಸುವವನಿಗೆ ಕಾನೂನು ರಕ್ಷಣೆ ನೀಡುತ್ತದೆ. ಬಿಲ್ಲಿಲ್ಲದೆ ಕೊಂಡವನು ಅದನ್ನು ರುಜುವಾತುಪಡಿಸುವುದು ಹೇಗೆ? ಆಮದು ಸರಕಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಅಂತಹ ಚೀಟಿ ಇಲ್ಲದ ರಾಕೆಟ್ಟನ್ನು ಅಂಗಡಿಯೊಳಕ್ಕೆ ತೆಗೆದುಕೊಳ್ಳದಿರುವುದೇ ಸುಲಭದ ಮೊದಲ ಪರೀಕ್ಷೆ.

ಸಣ್ಣ ತಯಾರಕರು ಗಮನಿಸಬೇಕಾದದ್ದು

ನಮ್ಮ ಓದುಗರಲ್ಲಿ ವರ್ತಕರಲ್ಲದೆ ಸಣ್ಣ ಉದ್ದಿಮೆದಾರರೂ ಇರುವುದರಿಂದ ಈ ಹೆಸರಾಂತ ಬ್ರಾಂಡುಗಳ ಮೂಲವನ್ನು ತಿಳಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ. ಇವುಗಳಲ್ಲಿ ಹೆಚ್ಚಿನವು ರಾಕೆಟ್ ಮಾಡಲೆಂದು ಹುಟ್ಟಿದವಲ್ಲ. ವಿಲ್ಸನ್ ಕಂಪನಿಯ ಮೂಲವು 1913ರಲ್ಲಿ ಷಿಕಾಗೋದ ಮಾಂಸ ಸಂಸ್ಕರಣಾ ಉದ್ಯಮವೊಂದು ತನ್ನ ಉಪೋತ್ಪನ್ನಗಳನ್ನು ಬಳಸಿಕೊಳ್ಳಲೆಂದು ಆರಂಭಿಸಿದ ಘಟಕದಲ್ಲಿದೆ. ಪ್ರಾಣಿಗಳ ಕರುಳಿನಿಂದ ರಾಕೆಟ್‌ಗೂ ಪಿಟೀಲಿಗೂ ತಂತಿ ಮಾಡುತ್ತಿದ್ದರು. ಫ್ರಾನ್ಸಿನ ಲಿಯೋನ್ ನಗರದ ಬಾಬೊಲಾ 1875ರಿಂದ ಕರುಳಿನ ತಂತಿಯನ್ನೇ ಮಾಡುತ್ತ ಬಂದು, ರಾಕೆಟ್ ತಯಾರಿಕೆಗೆ ಕೈಹಾಕಿದ್ದು 1994ರಲ್ಲಿ. ಡನ್‌ಲಪ್ ಟೈರಿನ ಕಂಪನಿ. ಹೋವರ್ಡ್ ಹೆಡ್ ಅವರು ಹಿಮದ ಮೇಲೆ ಜಾರುವ ಲೋಹದ ಸ್ಕೀಗಳನ್ನು ಮಾಡಿ ಹೆಸರಾದವರು. ತಮ್ಮ ಹೆಸರಿನ ಕಂಪನಿಯನ್ನು ಮಾರಿದ ಮೇಲೆ ಪ್ರಿನ್ಸ್ ಕಂಪನಿಯನ್ನು ಸೇರಿ, ಟೆನ್ನಿಸ್ ಕಲಿಯಲು ತಾವೇ ಪಟ್ಟ ಕಷ್ಟದಿಂದ ದೊಡ್ಡ ತಲೆಯ ರಾಕೆಟ್ಟನ್ನು ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದರು. ನುರಿತ ಆಟಗಾರರು ಮೊದಲು ನಕ್ಕರು. ಕೆಲವೇ ವರ್ಷಗಳಲ್ಲಿ ಇಡೀ ಉದ್ಯಮ ಅದೇ ದಾರಿ ಹಿಡಿಯಿತು. ಇಲ್ಲಿ ಒಬ್ಬ ತಯಾರಕರ ವೈಯಕ್ತಿಕ ತೊಂದರೆಯೇ ಲಕ್ಷಾಂತರ ಜನರ ತೊಂದರೆಯೂ ಆಗಿತ್ತು. ನನ್ನ ಎಂಟು ರಾಕೆಟ್‌ಗಳ ಹಿಂದಿದ್ದ ಒಲವು ಬೇರೆ ಯಾರದೂ ಆಗಿರಲಿಲ್ಲ.

ನಮಗೆ ಹೆಚ್ಚು ಹತ್ತಿರವಾದದ್ದು ಯೋನೆಕ್ಸ್‌ನ ಕಥೆ. 1946ರಲ್ಲಿ ಜಪಾನಿನ ನೀಗಾಟ ಪ್ರಾಂತ್ಯದಲ್ಲಿ ಮಿನೋರು ಯೋನೆಯಾಮ ಅವರು ಮೀನಿನ ಬಲೆಗಳಿಗೆ ಮರದ ತೇಲುಬೆಂಡುಗಳನ್ನು ಮಾಡುತ್ತಿದ್ದರು. ಪ್ಲಾಸ್ಟಿಕ್ ಬೆಂಡುಗಳು ಬಂದು ಆ ವ್ಯಾಪಾರ ಮುಳುಗಿತು. ಮರಗೆಲಸದ ಅದೇ ಕೈಗಳನ್ನು ಬಳಸಿಕೊಂಡು 1957ರಲ್ಲಿ ಬೇರೆ ಕಂಪನಿಗಳ ಹೆಸರಿಗೆ ಬ್ಯಾಡ್ಮಿಂಟನ್ ರಾಕೆಟ್ ಮಾಡಿಕೊಡಲಾರಂಭಿಸಿದರು. 1961ರಲ್ಲಿ ತಮ್ಮದೇ ಹೆಸರನ್ನು ಹಾಕಿದರು. ಇಂದು ಆ ಕಂಪನಿಗೆ ಬೆಂಗಳೂರಿನಲ್ಲಿಯೂ ತಯಾರಿಕಾ ಘಟಕವಿದೆ. ನಮ್ಮ ದೇಶದಲ್ಲಿ ಕ್ರೀಡಾ ಸಾಮಗ್ರಿಯ ಕೇಂದ್ರಗಳಾದ ಜಲಂಧರ್ ಮತ್ತು ಮೀರತ್ ಹಾಗೆ ಬೆಳೆದದ್ದು ಕೂಡ ಒಂದು ಸಂಕಟದಿಂದಲೇ. 1947ರ ವಿಭಜನೆಯಲ್ಲಿ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಮತ್ತು ವರ್ತಕರು ಅಲ್ಲಿ ನೆಲೆಯೂರಿದರು. ಬೇರೆಯವರ ಹೆಸರಿಗೆ ಮಾಲು ಮಾಡಿಕೊಡುವುದನ್ನು ನಮ್ಮಲ್ಲಿ ಕೆಲವರು ಕೀಳೆಂದು ಭಾವಿಸುತ್ತಾರೆ. ಜಗತ್ತಿನ ಬಹುತೇಕ ಗ್ರಾಫೈಟ್ ರಾಕೆಟ್‌ಗಳು ಇಂದಿಗೂ ಚೀನಾದಲ್ಲಿ ಹಾಗೆಯೇ ತಯಾರಾಗುತ್ತಿವೆ. ಕಡೂರು ಭಾಗದಲ್ಲಿ ತೆಂಗಿನ ನಾರು, ಚಿಪ್ಪುಗಳ ಘಟಕ ನಡೆಸುವ ಮಿತ್ರರು ತಮ್ಮ ಉಪೋತ್ಪನ್ನಗಳ ಪಟ್ಟಿಯನ್ನು ಒಮ್ಮೆ ಮುಂದಿಟ್ಟುಕೊಂಡು ಕುಳಿತರೆ ನಷ್ಟವೇನಿಲ್ಲ.

ನಾನು ಈಗ ಅನುಸರಿಸುವ ಕ್ರಮ

ಕೌಂಟರಿನ ಕೆಳಗೆ ಒಂದು ಸಾಧಾರಣ ನೋಟುಪುಸ್ತಕವಿದೆ. ಗ್ರಾಹಕರು ಏನನ್ನು ಕೇಳಿದರು, ಅದು ನಮ್ಮಲ್ಲಿ ಇತ್ತೇ, ಬದಲಿಗೆ ಏನನ್ನು ಕೊಂಡರು, ಕೊಳ್ಳದೆ ಹೋದರೆ ಕಾರಣವೇನು ಎಂಬುದನ್ನು ನಾನೋ ಹುಡುಗನೋ ಅಂದಂದೇ ಬರೆದಿಡುತ್ತೇವೆ. ಮಾರಾಟದ ಲೆಕ್ಕ ಪುಸ್ತಕವು ಮಾರಾಟವಾದದ್ದನ್ನು ಮಾತ್ರ ತಿಳಿಸುತ್ತದೆ. ಇಲ್ಲವೆಂದು ಕಳುಹಿಸಿದ ಗ್ರಾಹಕ ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ತರೀಕೆರೆ ಕಡೆಯವರು ಬ್ರಾಂಡಿನ ಹೆಸರು ಹಿಡಿದು ಕೇಳುತ್ತಾರೆ, ಅಜ್ಜಂಪುರದವರು ಬೆಲೆ ಹಿಡಿದು ಕೇಳುತ್ತಾರೆ, ಶಾಲೆಗಳ ದೈಹಿಕ ಶಿಕ್ಷಕರು ಬಾಳಿಕೆ ಹಿಡಿದು ಕೇಳುತ್ತಾರೆ ಎಂಬುದು ನನಗೆ ಹೊಳೆದದ್ದು ಈ ಪುಸ್ತಕದ ಪುಟಗಳನ್ನು ತಿರುವಿದಾಗಲೇ. ಆದೇಶ ಕೊಡುವ ದಿನ ಮೊದಲು ಆ ಪುಸ್ತಕ, ಅನಂತರ ಸಗಟು ವರ್ತಕರ ದರಪಟ್ಟಿ. ನನ್ನ ಅಭಿಪ್ರಾಯಕ್ಕೆ ಅದರಲ್ಲಿ ಕಾಲಂ ಇಲ್ಲ.

ಮಕ್ಕಳಿಗೆ ಟೆನ್ನಿಸ್ ರಾಕೆಟ್ ಕೇಳಿ ಬಂದವರಿಗೆ ತರಬೇತುದಾರರ ಚೀಟಿ ಇಲ್ಲದೆ ಏನನ್ನೂ ತರಿಸಿಕೊಡುವುದಿಲ್ಲ. ಚೀಟಿಯಲ್ಲಿ ಬರೆದದ್ದು ನನ್ನಲ್ಲಿ ಇಲ್ಲವಾದರೆ, ಇಲ್ಲವೆಂದು ಹೇಳಿ ಎಲ್ಲಿ ಸಿಗುತ್ತದೆಂಬುದನ್ನು ತಿಳಿಸುತ್ತೇನೆ. ಹತ್ತು ವರ್ಷದೊಳಗಿನವರಾದರೆ ಮೊದಲು ಮೃದು ಚೆಂಡಿನಲ್ಲಿ ಆಡಿಸಿ ಎನ್ನುತ್ತೇನೆ. ಅಂತಾರಾಷ್ಟ್ರೀಯ ಟೆನ್ನಿಸ್ ಫೆಡರೇಷನ್ ಕೂಡ 2012ರಿಂದ ಹತ್ತರೊಳಗಿನ ಮಕ್ಕಳ ಸ್ಪರ್ಧೆಗಳಿಗೆ ನಿಧಾನ ಗತಿಯ ಚೆಂಡುಗಳನ್ನೇ ಕಡ್ಡಾಯ ಮಾಡಿದೆ.

ಆ ಎಂಟರಲ್ಲಿ ಮೂರನ್ನು 2010ರಲ್ಲಿ ಅಸಲಿಗಿಂತ ಕಡಿಮೆ ಬೆಲೆಗೆ ಬೆಂಗಳೂರಿನಲ್ಲಿ ಮಾರಿದೆ. ಹಿಂದಿರುಗಿ ಬಂದದ್ದೂ ಸೇರಿ ಎರಡು ಉಳಿದಿವೆ. ಒಂದು ಮನೆಯಲ್ಲಿದೆ. ಇನ್ನೊಂದನ್ನು ಅಂಗಡಿಯಲ್ಲಿ ತೂಕದ ಯಂತ್ರದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಹಗುರ ರಾಕೆಟ್ ಬೇಡವೆನ್ನುವ ಹುಡುಗರ ಕೈಗೆ ಅದನ್ನು ಕೊಟ್ಟು ಇಪ್ಪತ್ತು ಸಲ ಬೀಸಲು ಹೇಳುತ್ತೇನೆ. ಬೆಲೆ ಕೇಳಿದವರಿಗೆ ಅದು ಮಾರಾಟಕ್ಕಿಲ್ಲವೆಂದು ತಿಳಿಸುತ್ತೇನೆ.